ನಡುವಿಗೆ ಕೈ ಮುಟ್ಟದ ಮೇಜು

ಮೇಜು ಮಾಡಿಸಿದವಳು ನಾನು. ಅದರ ಕಾಲು ಕೊಯ್ಯಿಸಿದವಳೂ ನಾನೇ. ಈ ಎರಡರ ನಡುವೆ ನಮ್ಮ ಮನೆಯಲ್ಲಿ ಎದ್ದ ಗದ್ದಲವನ್ನು ಹುಕ್ಕೇರಿಯ ನಮ್ಮ ಓಣಿಯವರು ಇವತ್ತಿಗೂ ಬಾಯಿ ಚಪ್ಪರಿಸಿಕೊಂಡು ಹೇಳುತ್ತಾರೆ. ಹೇಳಲಿ, ನನಗೇನು. ಆದರೆ ಅರ್ಧ ಬಿಟ್ಟು ಹೇಳುತ್ತಾರೆ, ಬಿಟ್ಟ ಜಾಗಕ್ಕೆ ತಮ್ಮದು ತುಂಬುತ್ತಾರೆ. ಅದಕ್ಕಿಂತ ನಾನೇ ಪೂರ್ತಿ ಹೇಳಿಬಿಡುವುದು ವಾಸಿ.

ಮೊದಲು ನಮ್ಮ ಅತ್ತಿಯ ವಿಷಯ. ಅತ್ತಿ ಎಂದರೆ ನನ್ನ ಗಂಡನ ತಾಯಿ. ಅದಕ್ಕೂ ಮೊದಲು ಅವಳು ನನ್ನ ಅಪ್ಪನ ತಂಗಿ. ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಹೀಗಾಗಿ ಮೂಡಲಗಿಯ ಒಂದೇ ಮನೆ ನಮ್ಮಿಬ್ಬರಿಗೂ ತವರು. ಕೂಸಿದ್ದಾಗಿನಿಂದ 'ನೀ' ಎಂದು ಮಾತಾಡಿಸಿದ ಬಾಯಿಗೆ ಮದುವೆಯಾದ ಮೇಲೆ 'ನೀವು' ಬರಲೇ ಇಲ್ಲ. ಬೀಗರು ಮುಖ ಮುರಿದರು. ಅತ್ತಿ ಮಾತ್ರ, "ಆಕಿ ಬಾಯಾಗ 'ನೀವು' ಬಂತಂದ್ರ ನನಗ ಅಂಜಿಕಿ ಬರತೈತಿ, ಏನೋ ಒಡದ ಇಟ್ಟಾಳ ಅನಸ್ತೈತಿ" ಎಂದು ಅವರ ಬಾಯಿ ಮುಚ್ಚಿಸಿದಳು.

ಅತ್ತಿಯ ಕೈಯ ಕೌದಿಗೆ ಹುಕ್ಕೇರಿಯಿಂದ ನಿಡಸೋಸಿಯವರೆಗೆ ಹೆಸರಿತ್ತು. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಹೊಲಿಗೆ ಹಿಡಿದು ಸುತ್ತು ಸುತ್ತಾಗಿ ಒಳಕ್ಕೆ ಬರುವುದು ನಮ್ಮ ರೀತಿ. ಕಟ್ಟಕಡೆಗೆ ನಡುವಿನಲ್ಲಿ ಅಂಗೈಯಗಲ ಜಾಗ ಉಳಿಯುತ್ತದೆ. ಅಲ್ಲಿ ಒಂದು ರೊಟ್ಟಿ ಚೂರು ಇಟ್ಟು ಹೊಲಿದು ಮುಚ್ಚಬೇಕು. ಕೌದಿ ಹಸಿದ ಹೊಟ್ಟೆಯಲ್ಲಿ ಇರಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಇಷ್ಟೂ ಕೆಲಸ ನಡೆಯುವುದು ನೆಲದ ಮೇಲೆ, ಆ ಕೌದಿಯ ಮೇಲೆಯೇ ಕೂತು. ಕೂತ ಭಾರಕ್ಕೆ ಒಳಗಿನ ಸೀರೆಗಳು ಅಲ್ಲಾಡುವುದಿಲ್ಲ. ಹೊಲಿಗೆ ಒಳಕ್ಕೆ ಸರಿದಂತೆ ಹೊಲಿಯುವವಳೂ ಒಳಕ್ಕೆ ಸರಿಯುತ್ತಾಳೆ.

ಅವ್ವ ತೀರಿಕೊಂಡ ಮೇಲೆ ಮೂಡಲಗಿಯಿಂದ ಅವಳ ಸೀರೆಗಳ ಗಂಟು ನನ್ನ ಪಾಲಿಗೆ ಬಂತು. ಅವ್ವ ಮತ್ತು ಅತ್ತಿ ವೈನಿ-ನಾದಿನಿಯರು; ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಎನ್ನುತ್ತಾರೆ. ಅವ್ವ ಬದುಕಿದಷ್ಟು ದಿನ ಇಬ್ಬರೂ ಶೇಂಗಾ ಹಿಂಡಿಗಾಗಿ, ಅಂದರೆ ಶೇಂಗಾ ಚಟ್ನಿಪುಡಿಗಾಗಿ, ಜಗಳಾಡಿದರು. ಅವ್ವ ಕುಟ್ಟಿದ ಹಿಂಡಿಯಲ್ಲಿ ಉಪ್ಪು ಜಾಸ್ತಿ ಎಂದು ಅತ್ತಿ, ನಾದಿನಿಯ ನಾಲಿಗೆಯೇ ನೆಟ್ಟಗಿಲ್ಲ ಎಂದು ಅವ್ವ. ಪಂಚಮಿಗೆ ತವರಿಗೆ ಹೋದ ಅತ್ತಿ ಊಟಕ್ಕೆ ಕೂತ ಕೂಡಲೇ ಹಿಂಡಿ ಬಾಯಿಗಿಟ್ಟು ಮುಖ ಕಿವುಚುತ್ತಿದ್ದಳು. ಹೊರಡುವಾಗ ಅದೇ ಹಿಂಡಿಯ ಡಬ್ಬಿಯನ್ನು ಚೀಲದಲ್ಲಿ ಎಲ್ಲಕ್ಕಿಂತ ಕೆಳಗೆ, ಯಾರಿಗೂ ಕಾಣದ ಹಾಗೆ ಇಟ್ಟುಕೊಳ್ಳುತ್ತಿದ್ದಳು. ಸೀರೆಯ ಗಂಟನ್ನು ಬಿಚ್ಚಿದವಳೂ ಅವಳೇ. ಒಂದೊಂದನ್ನೂ ಮೂಸಿ ನೋಡಿ, "ಇವನ್ನ ಯಾರಿಗೂ ಕೊಡಬ್ಯಾಡ. ನಾ ಕೌದಿ ಹೊಲದ ಕೊಡ್ತೇನಿ ನಿನಗ. ನಿಮ್ಮವ್ವನ ಹೊಚಗೊಂಡ ಮಲಗೀಯಂತ" ಎಂದಳು.

ಹೊಲಿಗೆ ಅಂಚಿನಿಂದ ಒಳಕ್ಕೆ ಬಂತು, ಚೆನ್ನಾಗಿಯೇ ಬಂತು. ಇನ್ನೇನು ನಡುವು ಉಳಿಯಿತು ಎನ್ನುವಾಗ ಅತ್ತಿಯ ಮೊಣಕಾಲು ಕೈಕೊಟ್ಟವು. ಕಾಲು ಚಾಚಿ ಕೂಡ್ರಬಲ್ಲಳು, ಬಡಿಗೆ ಊರಿ ನಡೆಯಬಲ್ಲಳು. ನೆಲಕ್ಕೆ ಇಳಿದು ಏಳುವುದು ಮಾತ್ರ ಆಗದು. ಡಾಕ್ಟರು, "ನೆಲಾ ಮರತಬಿಡ್ರಿ ಅಮ್ಮಾ" ಎಂದರು. ಮಂಚದ ಮೇಲೆ ಹರಡಿ ನೋಡಿದೆವು. ಒಂದಾಳಿನ ಮಂಚ, ಮೇಲೆ ಮೆತ್ತನೆಯ ಗಾದಿ. ಕೌದಿ ಎರಡೂ ಬದಿಗೆ ಜೋತು ಬಿತ್ತು. ಜೋತುಬಿದ್ದ ಭಾರಕ್ಕೆ ಒಳಗಿನ ಪದರುಗಳು ಸರಿದು ಸುಕ್ಕುಗಟ್ಟಿದವು. ಅತ್ತಿ ಹಾಕಿದ ನಾಲ್ಕು ಹೊಲಿಗೆಯನ್ನೂ ಬಿಚ್ಚಿ, ಕೌದಿ ಸುತ್ತಿಸಿ ಅಟ್ಟದ ಮೇಲೆ ಇಡಿಸಿದಳು. ನಾನು ಮುಗಿಸುತ್ತೇನೆ ಎಂದದ್ದಕ್ಕೆ, "ಯಾಕ, ನಾ ಸತ್ತೇನೇನು?" ಎಂದಳು. ಆ ಕೌದಿ ಮುಗಿಯಬೇಕು, ಅದೂ ಅತ್ತಿಯ ಕೈಯಿಂದಲೇ ಮುಗಿಯಬೇಕು. ನನಗಿದ್ದ ಆಸೆ ಅದೊಂದೇ.

ಸೂಜಿ ಬಿಟ್ಟ ಅತ್ತಿಗೆ ಕೆಲಸ ಬೇಕಲ್ಲ. ಪಡಸಾಲೆಯ ಮಂಚದಲ್ಲಿ ಕೂತು ನಮ್ಮೆಲ್ಲರ ಮೇಲೆ ಮೇಲ್ವಿಚಾರಣೆ ಶುರು ಮಾಡಿದಳು. ಹಾಲಿನವನು ಅಳೆಯುವ ರೀತಿ, ನನ್ನ ಗಂಡ ಚಪ್ಪಲಿ ಬಿಡುವ ರೀತಿ, ನಾನು ಒಗ್ಗರಣೆಗೆ ಸಾಸಿವೆ ಹಾಕುವ ರೀತಿ, ಯಾವುದೂ ಅವಳ ಕಣ್ಣಿಗೆ ಸರಿಬೀಳಲಿಲ್ಲ. ಮುಂದಿನ ಕೋಣೆಯಲ್ಲಿ ನನ್ನದೊಂದು ಕೌದಿಯ ಕಾರ್ಖಾನೆ ಇದೆ. ಕಾರ್ಖಾನೆ ಅಂದರೆ ನಾನು ಮತ್ತು ಮಧ್ಯಾಹ್ನ ಬರುವ ಮೂವರು ಓಣಿಯ ಹೆಂಗಸರು. ಪುಣೆ, ಹುಬ್ಬಳ್ಳಿ ಕಡೆಯವರು ಹೇಳಿ ಹೊಲಿಸುತ್ತಾರೆ. ಆ ಕೋಣೆಯೊಳಗೆ ಅತ್ತಿಯ ಕಣ್ಣು ಪೂರ್ತಿ ಹೋಗದಿದ್ದರೂ ಕಿವಿ ಹೋಗುತ್ತಿತ್ತು. "ಮಾತ ಭಾಳ ಕೇಳಾಕತ್ತೈತಿ, ಸೂಜಿ ಸಪ್ಪಳಾನ ಇಲ್ಲ!" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಸೂಜಿಗೆ ಎಂಥ ಸಪ್ಪಳ?

ಆ ದಿನಗಳಲ್ಲೇ ಬೆಳಗಾವಿಯಲ್ಲಿ ಒಂದು ತರಬೇತಿಗೆ ಹೋಗಿದ್ದೆ. ನೆಲದ ಮೇಲೆ ಬಗ್ಗಿ ಕೆಲಸ ಮಾಡಿದರೆ ಬೆನ್ನು ಹಾಳು, ಎಲ್ಲ ಕೆಲಸವನ್ನೂ ಮೇಜಿನ ಮೇಲೆ ಮಾಡಬೇಕು ಎಂದು ಅಲ್ಲಿ ಒಬ್ಬ ಮೇಡಂ ಚಿತ್ರ ತೋರಿಸಿ ಹೇಳಿದರು. ನನ್ನ ತಲೆಯಲ್ಲಿ ದೀಪ ಹೊತ್ತಿತು. ಹೇಗೆ ಹಾಸಿದರೂ ಕೌದಿ ಜೋತುಬೀಳದಷ್ಟು ದೊಡ್ಡ ಮೇಜು. ಕುರ್ಚಿ ಹಾಕಿಕೊಂಡು ಕೂತ ಅತ್ತಿ. ಅವಳ ಮುಂದೆ ಹರಡಿದ ಅವ್ವನ ಸೀರೆಗಳು. ಬಸ್ಸಿನಲ್ಲಿ ಹತ್ತರಗಿ ದಾಟುವ ಮೊದಲೇ ನಾನು ಮನಸ್ಸಿನೊಳಗೆ ಆ ಕೌದಿ ಹೊದ್ದು ಮಲಗಿಬಿಟ್ಟಿದ್ದೆ.

ಮೇಜು ಮಾಡಲು ಗೋಕಾಕದ ಮಿಸ್ತ್ರಿಯೇ ಆಗಬೇಕು ಎಂದು ಹಟ ಹಿಡಿದೆ. ನನ್ನ ಮದುವೆಯ ಮಂಚ ಮಾಡಿದ್ದು ಅವರೇ. ಇಷ್ಟು ವರ್ಷವಾದರೂ ಆ ಮಂಚ ಒಂದು ದಿನ ಕಿರ್ ಎಂದಿಲ್ಲ. ಅಳತೆಗೆ ಇರಲಿ ಎಂದು ಒಂದು ದೊಡ್ಡ ಕೌದಿಯನ್ನೇ ಸುತ್ತಿ ಬಗಲಲ್ಲಿ ಹಿಡಿದು ಬಸ್ ಹತ್ತಿದೆ. ಕಂಡಕ್ಟರ್ ನನ್ನನ್ನೂ ಸುರುಳಿಯನ್ನೂ ನೋಡಿ, "ರಾತ್ರಿ ವಸ್ತಿ ಎಲ್ಲೇರಿ ಬಾಯಾರ?" ಎಂದು ಕೇಳಿದ. ಚಿಲ್ಲರೆ ಎಣಿಸಿ ಅವನ ಕೈಗಿಟ್ಟು ಕಿಟಕಿಯ ಕಡೆ ತಿರುಗಿದೆ.

ಮಿಸ್ತ್ರಿ ತಮ್ಮ ಕೆಲಸದ ಬಗ್ಗೆ ಸಣ್ಣ ಮಾತಾಡುವವರಲ್ಲ. ಕಟ್ಟಿಗೆಯ ಹೊಟ್ಟಿನ ನಡುವೆ ಕೌದಿ ಹರಡಿಸಿದರು. ಅದರ ನಟ್ಟನಡುವೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತು, ಚಹಾ ತರಿಸಿ ಕುಡಿಯುತ್ತ ವಿಚಾರ ಮಾಡಿದರು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಕೌದಿ ಕಂಡರೆ ನಮ್ಮ ಮಂದಿ ಮೊದಲು ಮಾಡುವ ಕೆಲಸವೇ ಅದು, ನಡುವೆ ಹೋಗಿ ಕೂಡ್ರುವುದು. ಆದರೆ ನಾನು ಮೇಜಿನ ಗುಂಗಿನಲ್ಲಿದ್ದೆ.

"ಏನ್ರಿ ಅಕ್ಕಾರ, ಇಷ್ಟ ದೊಡ್ಡದ? ಲಗ್ನದ ಊಟಕ್ಕೇನು?"

"ಹೊಲ್ಯಾಕ್ರಿ. ಸಪಾಟ ಇರಬೇಕ ನೋಡ್ರಿ. ಒಂದೀಟ ಏರು ತಗ್ಗ ಇದ್ರೂ ಒಳಗಿನ ಸೀರಿ ಸುಕ್ಕ ಆಗತಾವ. ಹಿಂಗ, ಅಂಗೈ ಹಂಗ ಇರಬೇಕು" ಎಂದು ನನ್ನ ಅಂಗೈ ಚಾಚಿ ತೋರಿಸಿದೆ.

ಮಿಸ್ತ್ರಿ ನನ್ನ ಅಂಗೈಯನ್ನು ಒಂದು ಕಣ್ಣು ಮುಚ್ಚಿ ಅಡ್ಡಕ್ಕೆ ನೋಡಿದರು. "ಅಂಗೈ ಎಲ್ಲಿ ಸಪಾಟ ಐತ್ರಿ? ನಡುವ ತಗ್ಗ ಐತಿ. ನಾ ಅಂಗೈ ಹಂಗ ಮಾಡಿ ಕೊಟ್ರ ನೀವ ನನ್ನ ಬಾಗಲಿಗಿ ಬಂದ ಬೈತೀರಿ. ನಾ ಮಾಡೂದು ನಿಂತ ನೀರ ಹಂಗ." ಕಿಸೆಯಿಂದ ಒಂದು ಗಾಜಿನ ಗೋಲಿ ತೆಗೆದರು. "ಇದನ್ನ ನಡುವ ಇಡ್ತೇನಿ. ಓಡಿತಂದ್ರ ನನ್ನ ಕೈ ಕಡೀರಿ."

ಕೈ ಕಡಿಯುವ ಮಾತು ನನಗೆ ಬಹಳ ಹಿಡಿಸಿತು. ಕೆಲಸ ಮಾಡುವವರಿಗೆ ಇಂಥ ಸೊಕ್ಕು ಇರಬೇಕು.

ನಡುವೆ ಒಮ್ಮೆ ನೋಡಲು ಹೋದೆ. ಎರಡು ಅಗಲ ಹಲಗೆಗಳನ್ನು ಕೂಡಿಸಿ ನಿಲ್ಲಿಸಿದ್ದರು. ಕೂಡುವ ಗೆರೆಯ ಮೇಲೆ ರಂಧಾ ಹೊಡೆದು ನುಣ್ಣಗೆ ಹೆರೆಯುವುದು, ಉದ್ದನೆಯ ಪಟ್ಟಿ ಇಟ್ಟು ಅದರ ಕೆಳಗೆ ಬೆಳಕು ತೂರುತ್ತದೆಯೇ ಎಂದು ನೆಲಕ್ಕೆ ಗಲ್ಲ ಹಚ್ಚಿ ನೋಡುವುದು, ಮತ್ತೆ ರಂಧಾ. ನಾನು ಕೈಚೀಲವನ್ನು ಅದರ ಮೇಲೆ ಇಡಲು ಹೋದೆ. "ಏ ಏ ಏ!" ಎಂದು ಎಮ್ಮೆ ಹೊಡೆಯುವವರ ಹಾಗೆ ಕೂಗಿದರು. ನನ್ನದೇ ಮೇಜು, ನನ್ನದೇ ಚೀಲ! ಆದರೂ ಸಿಟ್ಟು ಬರಲಿಲ್ಲ. ಗೆರೆಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದರೆ ಕೂಡಿದ್ದು ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ.

ಮೇಜು ಟೆಂಪೋದಲ್ಲಿ ಘಟಪ್ರಭಾ ದಾಟಿ ಹುಕ್ಕೇರಿಗೆ ಬಂತು. ಹಿಂದೆ ಹಿಂದೆ ಮಿಸ್ತ್ರಿ ಬಂದರು. ಜಾಲಿ ಕಟ್ಟಿಗೆಯ ದಪ್ಪ ಕಾಲುಗಳನ್ನು ಮುಂದಿನ ಕೋಣೆಯೊಳಗೇ ಜೋಡಿಸಿ ಬೋಲ್ಟು ಬಿಗಿದರು. ನೀರು ಹೋಗಲೆಂದು ನಮ್ಮ ನೆಲವನ್ನು ಬಚ್ಚಲಿನ ಕಡೆಗೆ ಇಳಿಜಾರು ಮಾಡಿದ್ದಾರೆ. ಮಿಸ್ತ್ರಿ ಅದನ್ನು ಬೈದು, ಒಂದೊಂದು ಕಾಲಿನಡಿ ಚಕ್ಕೆ ತುರುಕಿ ಸಮ ಮಾಡಿದರು. ಕೊನೆಗೆ ಗೋಲಿ ಹೊರಬಂತು. ಹೊಲಿಯುವ ಹೆಂಗಸರು, ನನ್ನ ಗಂಡ, ಟೆಂಪೋದವನು, ಎಲ್ಲರೂ ಉಸಿರು ಹಿಡಿದು ನಿಂತೆವು. ಗೋಲಿ ನಡುವೆ ಕೂತಿತು. ಮಿಸುಕಲಿಲ್ಲ. ಟೆಂಪೋದವನು ಚಪ್ಪಾಳೆ ಹೊಡೆದ. ನನ್ನ ಗಂಡ ಮೇಜನ್ನು ಒಂದು ಸುತ್ತು ಹಾಕಿ, "ನಡುವ ಒಂದ ಜಾಳಿಗಿ ಕಟ್ಟಿದ್ರ ಟೇಬಲ್ ಟೆನಿಸ್ ಆಡಬೌದಲ್ಲ!" ಎಂದರು. ನಾನು ನೋಡಿದ ನೋಟಕ್ಕೆ ಆ ವಿಚಾರ ಅಲ್ಲೇ ತೀರಿಹೋಯಿತು.

ಅತ್ತಿ ಮಂಚದಿಂದಲೇ ಕತ್ತು ಚಾಚಿ ನೋಡಿದಳು. "ಇದರ ಮ್ಯಾಲ ಕೌದಿ ಮಲಗಸ್ತೀರೇನು? ಹೆಣಾ ಮಲಗಿಸಿದಂಗ ಕಾಣತೈತಿ."

ಮಿಸ್ತ್ರಿಯ ಮುಖ ಇಳಿಯಿತು. "ಅತ್ತಿ, ಬಾಯಿ ಮುಚ್ಚ. ಇದು ನಿನಗಂತನ ಮಾಡ್ಸೇನಿ" ಎಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಅತ್ತಿ ಬಡಿಗೆ ಊರಿಕೊಂಡು ಒಳಗೆ ಬಂದು, ಮೇಜಿನ ಮೇಲೆ ಅಂಗೈ ಇಟ್ಟು ಒಂದು ಸಲ ಸವರಿದಳು. "ಅಟ್ಟದ ಮ್ಯಾಲಿಂದು ತಗೀರಿ" ಎಂದಳು.

ಕೌದಿ ಇಳಿಸಿದೆವು. ಹರಡಿದೆವು. ಎಲ್ಲೂ ಒಂದು ಸುಕ್ಕಿಲ್ಲ, ಅಂಚು ಅಂಚಿಗೆ ಸರಿಯಾಗಿ ಕೂತಿತು. ಕುರ್ಚಿ ಎಳೆದೆ. ಅತ್ತಿ ಕೂತಳು, ಸೂಜಿಗೆ ದಾರ ಪೋಣಿಸಿದಳು, ಕೈ ಚಾಚಿದಳು. ಇನ್ನಷ್ಟು ಚಾಚಿದಳು. ಎದೆಯನ್ನು ಮೇಜಿನ ಅಂಚಿಗೆ ಒತ್ತಿ ಚಾಚಿದಳು. ಅವಳ ಬೆರಳಿಗೂ ಹೊಲಿಗೆ ನಿಂತ ಜಾಗಕ್ಕೂ ನಡುವೆ ಇನ್ನೂ ಒಂದು ಹೊಲ ಇತ್ತು.

ಅಯ್ಯ ಶಿವನೆ! ಆ ಕೌದಿಯಲ್ಲಿ ಅಂಚಿನದೆಲ್ಲ ಆಗಿಹೋಗಿದೆ, ಉಳಿದದ್ದೇ ನಡುವು. ಬೇಕಾದಷ್ಟು ದೊಡ್ಡ ಮೇಜು ಮಾಡಿಸಿ, ನಡುವನ್ನು ಬೇಕಾದಷ್ಟು ದೂರ ಒಯ್ದು ಇಟ್ಟವಳು ನಾನು. ಅತ್ತಿ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ನೋಡಿದಳು. ಜೋತುಬಿದ್ದ ಭಾರಕ್ಕೆ ಮತ್ತೆ ಅದೇ ಸುಕ್ಕು. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದಳು. "ಚೊಲೊ ಐತಿ ಬಿಡ ಟೇಬಲ್ಲ" ಎಂದಳು. ಅತ್ತಿ ಏನನ್ನಾದರೂ ಬೈಯದೆ ಚೊಲೊ ಐತಿ ಎಂದರೆ ಅದು ದೊಡ್ಡ ದುಃಖದ ಮಾತು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕೌದಿ ಮತ್ತೆ ಅಟ್ಟ ಹತ್ತಿತು.

ಇಷ್ಟಾದ ಮೇಲೂ ನನ್ನ ಸೊಕ್ಕು ಇಳಿಯಲಿಲ್ಲ. ಅತ್ತಿಗಾಗದಿದ್ದರೆ ಕಾರ್ಖಾನೆಗಾದರೂ ಆಗಲಿ ಎಂದು ಮರುದಿನ ಮೂವರು ಹೆಂಗಸರನ್ನೂ ಮೇಜಿನ ಸುತ್ತ ನಿಲ್ಲಿಸಿ ಹೊಸ ಕೌದಿ ಹಾಸಿದೆ. ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ. ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ. ಅವರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಿಂತು ಚಹಾ ಕುಡಿಯುವವರ ಹಾಗೆ ನಿಂತು ಹೊಲಿದರು. ಅಂಚು ಚೆನ್ನಾಗಿಯೇ ಬಂತು. ದಿನ ಕಳೆದಂತೆ ಹೊಲಿಗೆ ಒಳಕ್ಕೆ ಸರಿಯಿತು, ಅವರು ಬಗ್ಗಿದರು. ಇನ್ನೂ ಸರಿಯಿತು, ಹೊಟ್ಟೆಯನ್ನು ಮೇಜಿಗೆ ಹಚ್ಚಿದರು. ಅವರಲ್ಲಿ ಗಿಡ್ಡಗಿದ್ದವಳ ಕಾಲು ನೆಲ ಬಿಟ್ಟು ಗಾಳಿಯಲ್ಲಿ ಆಡುವುದನ್ನು ನಾನು ಕಂಡೂ ಕಾಣದಂತಿದ್ದೆ.

ಒಂದು ಮಧ್ಯಾಹ್ನ ಚಹಾ ಮಾಡಿಕೊಂಡು ಬರುತ್ತೇನೆ, ಕೋಣೆಯಲ್ಲಿ ನಿಂತವರೇ ಇಲ್ಲ! ನೆಲದ ಮೇಲೆ ಮೂರು ಜೋಡು ಚಪ್ಪಲಿ ಸಾಲಾಗಿ ಬಿಟ್ಟಿವೆ. ತಲೆ ಎತ್ತಿದರೆ ಮೂವರೂ ಮೇಜಿನ ಮೇಲೆ, ಕೌದಿಯ ನಡುವೆ, ಕಾಲು ಮಡಚಿಕೊಂಡು ಗುಡಿಯ ಕಟ್ಟೆಯ ಮೇಲೆ ಕೂತಂತೆ ಕೂತು ಹೊಲಿಯುತ್ತಿದ್ದಾರೆ. ತಲೆಗೆ ತಗುಲುತ್ತದೆ ಎಂದು ಫ್ಯಾನು ಬಂದ್ ಮಾಡಿದ್ದರು. ಮೂವರ ಮುಖದಲ್ಲೂ ಬೆವರು ಸುರಿಯುತ್ತಿತ್ತು, ಆದರೂ ಎಲ್ಲರ ಬಾಯಿ ನಡೆದಿತ್ತು.

"ಇಳೀರಿ ಕೆಳಗ!" ಎಂದು ಚೀರಿದೆ. "ಟೇಬಲ್ ಮಾಡಿದ್ದು ಹತ್ತಿ ಕುಂಡ್ರಾಕೇನು? ಬೆನ್ನ ನೆಟ್ಟಗ ಇರಲಿ ಅಂತ ಬಡಕೊಂಡಿಲ್ಲ ನಾ?"

"ಬೆನ್ನ ನೆಟ್ಟಗನ ಐತ್ರಿ ಅಕ್ಕಾರ" ಎಂದಳು ಗಿಡ್ಡಿ. "ನಡುವಿಂದು ಹೊಲಿಯೂದು ಹೆಂಗ್ರಿ ಮತ್ತ? ಹಾರಿ ಹಾರಿ ಹೊಲಿಯೂಣೇನು?"

ಪಡಸಾಲೆಯಿಂದ ಒಂದು ನಗು ಬಂತು. ಅತ್ತಿ ನಗುತ್ತಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಮೊಣಕಾಲು ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನನಗೂ ನಗು ಬಂತು, ಆದರೆ ಸಿಟ್ಟಿನಲ್ಲಿದ್ದೆನಲ್ಲ, ತೋರಿಸಲಿಲ್ಲ. "ಮ್ಯಾಲ ಹೆಂಗ ಐತಿ ಹುಡುಗ್ಯಾರ?" ಎಂದು ಅಲ್ಲಿಂದಲೇ ಕೇಳಿದಳು. "ಭಾಳ ಚೊಲೊ ಐತ್ರಿ ಅಮ್ಮಾ! ಇರಿವಿ ಇಲ್ಲ, ಥಂಡಿ ಇಲ್ಲ. ನೆಲಕ್ಕಿಂತ ಸಪಾಟ ಐತಿ!" ಎಂದು ಮೇಲಿನಿಂದ ಉತ್ತರ ಹೋಯಿತು.

ಅತ್ತಿ ಎದ್ದು ಬಂದಳು. ಮೂವರನ್ನೂ ಒಂದೊಂದು ಮೂಲೆಗೆ ಸರಿಸಿದಳು. ಬೆನ್ನು ತಿರುಗಿಸಿ, ಮೇಜಿನ ಅಂಚಿಗೆ ಒರಗಿ, ಎರಡೂ ಕೈ ಊರಿ ಮೇಲಕ್ಕೆ ಜೀಕಲು ನೋಡಿದಳು. ಅಂಚು ಅವಳ ಸೊಂಟಕ್ಕಿಂತ ಮೇಲಿತ್ತು. ಇನ್ನೊಮ್ಮೆ ನೋಡಿದಳು. ಆಗಲಿಲ್ಲ. ಅವಳು ಹೋಗಿ ಮಂಚದ ಮೇಲೆ ಕೂತು, ಕೈಯಿಂದ ಒಂದೊಂದೇ ಕಾಲನ್ನು ಎತ್ತಿ ಮೇಲಿಟ್ಟುಕೊಂಡು ಚಾಚಿದಳು. ಅದನ್ನು ದಿನಾ ನೋಡುತ್ತಿದ್ದೆ. ಆ ಹೊತ್ತು ಮಾತ್ರ ನೋಡಿದ್ದು ತಲೆಗೆ ಹೋಯಿತು. ಮಂಚಕ್ಕೆ ಹತ್ತುತ್ತಾಳೆ! ಮಂಚದೆತ್ತರಕ್ಕಿದ್ದರೆ ಮೇಜಿಗೂ ಹತ್ತುತ್ತಾಳೆ! ಕೂತ ಮೇಲೆ ಕಾಲು ಚಾಚಿಕೊಂಡು ನಡುವಿನವರೆಗೆ ಸರಿದರೆ ಮುಗಿಯಿತು.

ಚಹಾ ಅಲ್ಲೇ ಬಿಟ್ಟು ಮಿಸ್ತ್ರಿಗೆ ಫೋನ್ ಹಚ್ಚಿದೆ. "ಮಿಸ್ತ್ರಿ, ಗರಗಸ ತಗೊಂಡ ಬರ್ರಿ. ಟೇಬಲ್ಲಿನ ಕಾಲ ಕೊಯ್ಯೂದೈತಿ."

ಆ ಕಡೆ ರಂಧಾ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ, "ಯಾಕ್ರಿ ಅಕ್ಕಾರ, ಗೋಲಿ ಓಡಿತೇನು?" ಎಂದರು.

"ಗೋಲಿ ಓಡಿಲ್ರಿ. ನಮ್ಮ ಅತ್ತಿ ಹತ್ತಬೇಕಾಗೇತಿ."

"ಹತ್ತೂದ? ಟೇಬಲ್ ಹತ್ತೂದ? ಅಕ್ಕಾರ, ಕಾಲ ಕೊಯ್ದ್ರ ಅದು ಟೇಬಲ್ ಆಗಂಗಿಲ್ರಿ, ಮಂಚ ಆಗತೈತಿ. ಮಂಚಕ್ಕ ಯಾರರ ಅಷ್ಟ ರಂಧಾ ಹೊಡೀತಾರೇನ್ರಿ? ನಾ ಒಲ್ಲೆ."

"ಕೈ ಕಡೀರಿ ಅಂದಿದ್ರಿ. ನಾ ಕಾಲ ಅಷ್ಟ ಕಡೀರಿ ಅನ್ನಾಕತ್ತೇನಿ. ನೀವ ಬರದಿದ್ರ ಇಲ್ಲೇ ಹುಕ್ಕೇರ್ಯಾಗ ಯಾರನ್ನರ ಕರದ ಕೊಯ್ಯಸ್ತೇನಿ. ಆಮ್ಯಾಲ ಸೊಟ್ಟ ಆಯ್ತಂದ್ರ ನಿಮ್ಮ ಹೆಸರ ಕೆಡತೈತಿ."

ಮಿಸ್ತ್ರಿ ಬಂದರು. ಸಾವಿಗೆ ಬಂದವರ ಮುಖ ಹೊತ್ತು ಬಂದರು. ಅತ್ತಿಯನ್ನು ಮಂಚದ ಅಂಚಿಗೆ ಕೂಡ್ರಿಸಿ, ನೆಲದಿಂದ ತೊಡೆಯವರೆಗೆ ಪಟ್ಟಿ ಹಿಡಿದು ಅಳತೆ ತೆಗೆದೆ. ಮೇಜನ್ನು ಅಂಗಾತ ಮಾಡಿದೆವು. ಮಿಸ್ತ್ರಿ ಒಂದೊಂದು ಕಾಲಿಗೆ ಗರಗಸ ಇಡುವ ಮುಂಚೆಯೂ ನನ್ನ ಮುಖ ನೋಡಿ, "ಖರೇನ ಕೊಯ್ಲೇನ್ರಿ?" ಎಂದು ಕೇಳಿದರು. ಪ್ರತಿ ಕಾಲಿಗೂ ಹೌದೆಂದೆ. ಜಾಲಿ ಕಟ್ಟಿಗೆ ಸುಮ್ಮನೆ ಕೊಯ್ಯಿಸಿಕೊಳ್ಳುತ್ತದೆಯೇ? ಗರಗಸ ಅತ್ತು ಕರೆಯಿತು. ಕೊಯ್ದ ತುಂಡುಗಳನ್ನು ನನ್ನ ಗಂಡ ಎತ್ತಿಕೊಂಡು ಹೋದರು. ಈಗ ನಮ್ಮ ಮನೆಯ ಯಾವ ಬಾಗಿಲೂ ಗಾಳಿಗೆ ಬಡಿದುಕೊಳ್ಳುವುದಿಲ್ಲ, ಒಂದೊಂದಕ್ಕೂ ಮೇಜಿನ ಕಾಲು ಕೊಟ್ಟು ನಿಲ್ಲಿಸಿದ್ದಾರೆ.

ಮೇಜನ್ನು ತಿರುವಿ ನಿಲ್ಲಿಸಿ, ಚಕ್ಕೆ ತುರುಕಿ, ಮಿಸ್ತ್ರಿ ಗೋಲಿ ಇಟ್ಟರು. ಓಡಲಿಲ್ಲ. ಅಷ್ಟರಲ್ಲಿ ಅತ್ತಿ ಬಂದಳು. ಅಂಚಿಗೆ ಕೂತಳು. ಕೈಯಿಂದ ಒಂದು ಕಾಲು ಎತ್ತಿಟ್ಟಳು, ಇನ್ನೊಂದು ಎತ್ತಿಟ್ಟಳು. ಕುಂಡಿಯ ಮೇಲೆ ಹಿಂದಕ್ಕೆ ಹಿಂದಕ್ಕೆ ಸರಿದು ನಟ್ಟನಡುವೆ ಹೋಗಿ ಕೂತಳು. ಸುತ್ತ ಒಮ್ಮೆ ನೋಡಿದಳು. ಮೂಡಲಗಿಯ ಮನೆಯಲ್ಲಿ ಕೌದಿ ಹಾಸಿಕೊಂಡು ಕೂತಾಗ ನೋಡುತ್ತಿದ್ದಳಲ್ಲ, ಎಲ್ಲರೂ ತನಗಿಂತ ಕಡಿಮೆ ಎಂಬಂತೆ, ಹಾಗೆಯೇ ನೋಡಿದಳು. "ಏನ ನಿಂತ ನೋಡತಿ? ಅಟ್ಟದಿಂದ ತಗಿ ನಿಮ್ಮವ್ವನ್ನ" ಎಂದಳು ನನಗೆ. ನಾನು ಅಟ್ಟ ಹತ್ತುವಾಗ ಅತ್ತುಬಿಟ್ಟೆ. ಧೂಳು ಎಂದು ಹೇಳಿದೆ, ಯಾರೂ ನಂಬಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಅತ್ತಿ ಮೇಜಿನ ನಡುವೆ, ಮೂವರು ಹೆಂಗಸರು ಅವಳ ಸುತ್ತ ಅಂಚಿಗೆ. ಮೇಡಂ ಬಂದು ನೋಡಿದರೆ ನನ್ನ ತರಬೇತಿಯ ಸರ್ಟಿಫಿಕೇಟನ್ನು ವಾಪಸ್ ಒಯ್ಯುತ್ತಿದ್ದರೇನೋ. ಅತ್ತಿ ಹೊಲಿಯುತ್ತ ಸೀರೆಗಳ ಜೊತೆ ಮಾತಾಡುತ್ತಿದ್ದಳು. "ಈ ಹಸರ ಇಳಕಲ್ಲ ನನಗ ಕೊಡ್ತೇನಿ ಅಂದಿದ್ದಿ ವೈನಿ. ಕೊಡಲಿಲ್ಲ. ಈಗ ನೋಡ, ನಾನ ಸೂಜಿ ಚುಚ್ಚಾಕತ್ತೇನಿ." ಹೊಲಿಗೆ ಮಾತ್ರ ನಿಧಾನವಾಯಿತು. ಮೊದಲಾದರೆ ಇಷ್ಟಕ್ಕೆ ಅವಳಿಗೆ ಒಂದು ಮಧ್ಯಾಹ್ನ ಸಾಕಿತ್ತು. ಬೇಕೆಂದೇ ಎಳೆಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.

ಕಡೆಯ ದಿನ ಮಿಸ್ತ್ರಿಯೂ ಇದ್ದರು. ಈ ಕಡೆ ಯಾರದೋ ಬಾಗಿಲು ಕೂಡ್ರಿಸಲು ಬಂದವರು, ತಮ್ಮ ಮೇಜನ್ನು ನೋಡದೆ ಹೋಗಲಾರೆ ಎಂದು ಬಂದರು. ಅತ್ತಿ ನಡುವೆ ಕೂತಿದ್ದಳು. ಮಿಸ್ತ್ರಿ ಕೌದಿಯ ಅಂಚು ಸರಿಸಿ, ಬರಿಯ ಹಲಗೆಯ ಮೇಲೆ ಗೋಲಿ ಇಟ್ಟರು. ಗೋಲಿ ಸ್ವಲ್ಪ ಹೊತ್ತು ವಿಚಾರ ಮಾಡಿತು. ಆಮೇಲೆ ಸಾವಕಾಶ ಅತ್ತಿಯ ಕಡೆಗೆ ಉರುಳಿಕೊಂಡು ಹೋಗಿ ಕೌದಿಗೆ ತಾಗಿ ನಿಂತಿತು.

"ತಗ್ಗ ಬಿದ್ದೈತಿ!" ಎಂದು ಮಿಸ್ತ್ರಿ ಎದೆ ಹಿಡಿದುಕೊಂಡರು. "ಅಕ್ಕಾರ, ನಡುವ ತಗ್ಗ ಬಿದ್ದೈತ್ರಿ! ತಳದಾಗ ಇನ್ನೊಂದ ಪಟ್ಟಿ ಹೊಡದ ಬಿಗಿ ಮಾಡ್ತೇನಿ, ಇವ್ರನ್ನ ಒಂದೀಟ ಇಳಸ್ರಿ."

"ಇಳಸಂಗಿಲ್ಲ" ಎಂದೆ. ನನ್ನ ಅಂಗೈಯನ್ನು ಅವರ ಮುಖದ ಮುಂದೆ ಚಾಚಿದೆ. "ನಾ ಹಿಂಗ ಬೇಕಂತನ ಹೇಳಿದ್ನಲ್ರಿ ಮೊದಲ? ಈಗ ಬರೋಬ್ಬರಿ ಆಗೇತಿ."

ಅತ್ತಿಗೆ ನಮ್ಮ ಗೋಲಿಯ ಗೋಳು ಬೇಕಿರಲಿಲ್ಲ. ಹೊಲಿಗೆ ಬಂದು ಅಂಗೈಯಗಲಕ್ಕೆ ನಿಂತಿತ್ತು. "ರೊಟ್ಟಿ ಕೊಡ" ಎಂದಳು. ಗರಿಗರಿ ಕಟಕ ರೊಟ್ಟಿಯ ಚೂರು ತಂದು ಕೊಟ್ಟೆ. ಅದನ್ನು ಹಿಡಿದು ನೋಡಿ, "ಬರೇ ರೊಟ್ಟಿ? ನಿಮ್ಮವ್ವ ಯಾವಾಗ ಬರೇ ರೊಟ್ಟಿ ತಿಂದಾಳ? ಹಿಂಡಿ ತಾ" ಎಂದಳು.

"ಇರಿವಿ ಬರತಾವ ಅತ್ತಿ."

"ಬರ್ಲಿ. ಅವೂ ತಿನ್ಲಿ."

ಅವ್ವನ ಹದದಲ್ಲೇ ನಾನು ಕುಟ್ಟಿಟ್ಟ ಶೇಂಗಾ ಹಿಂಡಿಯ ಡಬ್ಬಿ ತಂದೆ. ಅತ್ತಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು. "ಉಪ್ಪ ಜಾಸ್ತಿ ಆಗೇತಿ" ಎಂದಳು. ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಇರ್ಲಿ. ಆಕಿಗಿ ಹಿಂಗನ ಬೇಕು" ಎಂದಳು. ರೊಟ್ಟಿಯ ಮೇಲೆ ಹಿಂಡಿ ಉದುರಿಸಿ, ಹಸಿರು ಇಳಕಲ್ಲಿನ ಪದರಿನ ಕೆಳಗೆ ಇಟ್ಟು ಹೊಲಿಯತೊಡಗಿದಳು. ಮಿಸ್ತ್ರಿ ಗೋಲಿಯನ್ನು ಕಿಸೆಗೆ ಹಾಕಿಕೊಂಡರು. ಕೊನೆಯ ಹೊಲಿಗೆ ಹಾಕಿ, ಬಗ್ಗಿ ಹಲ್ಲಿನಿಂದ ದಾರ ಕಡಿದು, ಆ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದಳು.

"ಉಂಡೇನ ವೈನಿ?" ಎಂದಳು. "ಇನ್ನ ಮಲಕೋ."

ಮತ್ತೆ ಸ್ವಲ್ಪ ಹೊತ್ತು ಅವಳು ಮೇಜಿನಿಂದ ಇಳಿಯಲಿಲ್ಲ. ನಾವೂ ಇಳಿ ಎನ್ನಲಿಲ್ಲ.